ಬಂಡೆಯೊಳಗಿನ ಊರಿಗೆ ಹೋಗುವ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಮೆಸಾ ವರ್ಡೆಯ ಒಂದು ಫೋಟೊ ಹಾಕಿದ್ದೆವು. ಮರಳುಗಲ್ಲಿನ ಕಡಿದಾದ ಬಂಡೆ, ಅದರ ಪೊಟರೆಯೊಳಗೆ ಗೋಡೆ, ಗೋಪುರ, ಕಿಟಕಿ ಎಲ್ಲ ಇರುವ ಪೂರ್ತಿ ಒಂದು ಊರು. ಆಮೇಲೆ ಬಂದ ಪತ್ರ, ವಾಟ್ಸಾಪ್ ನೋಡಿದರೆ ನಮ್ಮ ಜಿಲ್ಲೆಯ ಅರ್ಧ ಮನೆಗಳ ಮಕ್ಕಳು ಅಲ್ಲೇ ಎಲ್ಲೋ ಹತ್ತಿರದಲ್ಲಿ ಕೆಲಸಕ್ಕಿದ್ದಾರೆ ಅನ್ನಿಸಿತು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ವೀಸಾ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಗೆ ಕಾಯಬೇಕು.

ಪ್ರಶ್ನೆ: ಮಗ ಫೀನಿಕ್ಸ್‌ನಲ್ಲಿದ್ದಾನೆ. ಮೇ ತಿಂಗಳಲ್ಲಿ ನಾನೂ ನಮ್ಮನೆಯವರೂ ಹೋಗುತ್ತಿದ್ದೇವೆ. ಬಂಡೆಯೊಳಗಿನ ಮನೆ ನೋಡಬೇಕು ಅಂತ ನನಗೆ ಬಹಳ ಆಸೆ. ಇವರಿಗೆ ಗಂಟು ನೋವು, ನನಗೆ ಎತ್ತರ ಅಂದರೆ ತಲೆ ತಿರುಗುತ್ತದೆ. ಮಗನನ್ನು ಕೇಳಿದರೆ "ಆಯಿ, ಅದೆಲ್ಲಾ ನಿನ್ ಹತ್ರ ಆಗ್ತಿಲ್ಲೆ" ಅಂತಾನೆ. ಹೌದಾ?
(ಓದುಗರೊಬ್ಬರು, ಶಿರಸಿ)

ಉತ್ತರ: ಆಗುತ್ತದೆ ಅಕ್ಕಾ, ಧಾರಾಳವಾಗಿ ಆಗುತ್ತದೆ. ಮಗ ಬಹುಶಃ ಏಣಿ ಹತ್ತುವ ವಿಡಿಯೊ ನೋಡಿ ಹೇಳಿರಬೇಕು. ಎಲ್ಲ ಕಡೆ ಏಣಿ ಇಲ್ಲ.

ಫೀನಿಕ್ಸ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಮಾಂಟೆಜುಮಾ ಕ್ಯಾಸಲ್ ಅಂತ ಇದೆ. ಐದು ಅಂತಸ್ತು, 20 ಕೋಣೆ. ಸುಣ್ಣಕಲ್ಲಿನ ಬಂಡೆಯಲ್ಲಿ ಅಷ್ಟು ಎತ್ತರಕ್ಕೆ ಸಿಕ್ಕಿಸಿಟ್ಟ ಹಾಗೆ ಕಾಣುತ್ತದೆ. ಒಳಗೆ ಯಾರನ್ನೂ ಬಿಡುವುದಿಲ್ಲ, 1951ರಿಂದಲೇ ಬಂದ್. ಹಾಗಾಗಿ ನೀವೂ, ಇಪ್ಪತ್ತು ವರ್ಷದ ಹುಡುಗರೂ ನಿಂತು ನೋಡುವುದು ಒಂದೇ ಜಾಗದಿಂದ. ಹಾದಿ ಸಮತಟ್ಟು, ಪೂರ್ತಿ ಸುತ್ತು ಅರ್ಧ ಕಿಲೋಮೀಟರಿನಷ್ಟು. ಪಕ್ಕದಲ್ಲೇ ಹಳ್ಳ, ದೊಡ್ಡ ದೊಡ್ಡ ಮರಗಳ ನೆರಳು. ಕಟ್ಟಿದವರು ಸಿನಾಗುವಾ ಜನ. ಹೆಸರು ಮಾತ್ರ ಮೆಕ್ಸಿಕೊದ ಅಜ್ಟೆಕ್ ರಾಜನದ್ದು, ಅವನಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಅವನು ಹುಟ್ಟುವ ಮುಂಚೆಯೇ ಇಲ್ಲಿಯವರು ಮನೆ ಬಿಟ್ಟಾಗಿತ್ತು. ಮೇ ತಿಂಗಳಲ್ಲಿ ಆ ಕಡೆ ಬಿಸಿಲು ಜೋರು, ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಹೋಗಿಬಿಡಿ.

ಅಲ್ಲಿಂದ ಮುಂದೆ ಫ್ಲಾಗ್‌ಸ್ಟಾಫ್ ಹತ್ತಿರ ವಾಲ್ನಟ್ ಕ್ಯಾನ್ಯನ್ ಇದೆ. ಅಲ್ಲಿ ಮನೆಗಳ ಬಾಗಿಲವರೆಗೂ ಹೋಗಬಹುದು, ಆದರೆ ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು. ಇಳಿಯುವಾಗ ಸುಲಭ ಅನ್ನಿಸುತ್ತದೆ, ವಾಪಸ್ ಹತ್ತುವಾಗ ಗಂಟು ಮಾತಾಡುತ್ತದೆ. ಯಜಮಾನರು ಮೇಲಿನ ದಾರಿಯಲ್ಲೇ ಅಡ್ಡಾಡಿ ಕೆಳಗೆ ನೋಡಲಿ.

ಮೆಸಾ ವರ್ಡೆ ಫೀನಿಕ್ಸ್‌ನಿಂದ ಆರೇಳು ಗಂಟೆಯ ದಾರಿ. ಅಲ್ಲೊಂದು ರಾತ್ರಿ ಉಳಿಯುವುದಾದರೆ ಮಾತ್ರ ಹೋಗಿ. ಮೆಸಾ ಟಾಪ್ ಲೂಪ್ ಅನ್ನುವ ರಸ್ತೆಯಲ್ಲಿ ಕಾರಿನಲ್ಲೇ ಸುತ್ತಿ, ಸನ್ ಪಾಯಿಂಟ್ ಅನ್ನುವಲ್ಲಿ ಇಳಿದು ಎದುರಿನ ಬಂಡೆ ನೋಡಬೇಕು. ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತರೆ ಅಲ್ಲೊಂದು ಕಿಟಕಿ, ಇಲ್ಲೊಂದು ಗೋಡೆ ಅಂತ ಒಂದೊಂದೇ ಕಣ್ಣಿಗೆ ಬೀಳುತ್ತವೆ. ನನ್ನನ್ನು ಕೇಳಿದರೆ ಇದು ಏಣಿ ಹತ್ತಿ ನೋಡುವುದಕ್ಕಿಂತ ಕಡಿಮೆ ಅಲ್ಲ. ಬೈನಾಕ್ಯುಲರ್ ಇದ್ದರೆ ಮರೆಯಬೇಡಿ.

ಪ್ರಶ್ನೆ: ಮರುಭೂಮಿಯಲ್ಲಿ, ಅದೂ ಬಂಡೆಯ ಮಧ್ಯೆ ಊರು ಕಟ್ಟಿದರೆ ನೀರಿಗೆ ಏನು ಮಾಡುತ್ತಿದ್ದರು? ಕೆಳಗೆ ಹೊಳೆ ಹತ್ತಿರ ಕಟ್ಟಬಹುದಿತ್ತಲ್ಲ?
(ಕಾಲೇಜು ವಿದ್ಯಾರ್ಥಿ, ಕುಮಟಾ)

ಉತ್ತರ: ಬಂದ ಪ್ರಶ್ನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ನೀರು ಗೊತ್ತಾದರೆ ಆ ಊರು ಗೊತ್ತಾದ ಹಾಗೆ.

ಘಟ್ಟದ ಮೇಲೆ ನೆಂಟರಿದ್ದರೆ ಅಬ್ಬಿ ನೀರು ನೋಡಿರುತ್ತೀರಿ. ಮಳೆ ನೀರು ಚಿರೆಕಲ್ಲಿನ ಗುಡ್ಡದಲ್ಲಿ ಇಂಗುತ್ತದೆ. ಕೆಳಗೆ ಜೇಡಿಮಣ್ಣು ಸಿಕ್ಕಿದಾಗ ಇನ್ನೂ ಕೆಳಗೆ ಇಳಿಯಲಾಗದೆ ಧರೆಯ ಪಕ್ಕದಿಂದ ಜಿನುಗುತ್ತದೆ, ಅದಕ್ಕೆ ಅಡಿಕೆ ದಬ್ಬೆ ಕೊಟ್ಟು ಅಂಗಳಕ್ಕೆ ತರುತ್ತಾರೆ. ಮೆಸಾ ವರ್ಡೆಯಲ್ಲಿ ನಡೆಯುವುದೂ ಇದೇ. ಮೇಲೆ ಮರಳುಗಲ್ಲು, ಅದರಲ್ಲಿ ನೀರು ಇಳಿಯುತ್ತದೆ. ನಡುವೆ ಶೇಲ್ ಅನ್ನುವ ಒತ್ತಾದ ಕಲ್ಲಿನ ಪದರ, ಅದರಲ್ಲಿ ಇಳಿಯುವುದಿಲ್ಲ. ಹಾಗಾಗಿ ನೀರು ಅಡ್ಡ ಹರಿದು ಬಂಡೆಯ ಮುಖದಲ್ಲಿ ಜಿನುಗುತ್ತದೆ.

ಈ ಜಿನುಗು ನೀರೇ ಪೊಟರೆಯನ್ನೂ ಮಾಡಿದ್ದು. ಮರಳುಗಲ್ಲಿನ ಕಣಗಳನ್ನು ಹಿಡಿದಿಟ್ಟ ಅಂಟು ನೀರಿಗೆ ಕರಗುತ್ತದೆ. ಚಳಿಗಾಲದಲ್ಲಿ ಸಂದಿಗಳಲ್ಲಿದ್ದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲು ಚಕ್ಕೆ ಚಕ್ಕೆಯಾಗಿ ಕಳಚಿ ಬೀಳುತ್ತದೆ. ಸಾವಿರಾರು ವರ್ಷ ಹೀಗೇ ನಡೆದು ಬಂಡೆಯ ಹೊಟ್ಟೆ ಪೊಳ್ಳಾಯಿತು. ಅಂದರೆ ನೀರಿದ್ದ ಕಡೆ ಸೂರೂ ತಾನಾಗಿ ತಯಾರಾಗಿತ್ತು, ಜನ ಬಂದು ಗೋಡೆ ಕಟ್ಟಿಕೊಂಡರು. ಕೆಲವು ಪೊಟರೆಗಳ ಹಿಂದಿನ ಮೂಲೆಯಲ್ಲಿ ಈಗಲೂ ಕಲ್ಲು ಒದ್ದೆ ಇರುತ್ತದೆ. ಜೊತೆಗೆ ಹಲವು ಪೊಟರೆಗಳು ದಕ್ಷಿಣದ ಕಡೆಗೆ ಮುಖ ಮಾಡಿವೆ. ಚಳಿಗಾಲದ ಓರೆ ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯ ನೆತ್ತಿ ಬಿಸಿಲಿಗೆ ಮೇಲಿನ ಬಂಡೆಯೇ ಮಾಡು.

ಕೆಳಗೆ ಯಾಕೆ ಕಟ್ಟಲಿಲ್ಲ ಅಂದರೆ, ಅವರ ಹೊಲ ಇದ್ದದ್ದು ಮೇಲೆ. ಮೆಸಾ ಅಂದರೆ ನೆತ್ತಿ ಚಪ್ಪಟೆ ಇರುವ ಗುಡ್ಡ. ಗಾಳಿ ಹೊತ್ತು ತಂದ ಕೆಂಪು ಮಣ್ಣು ಅಲ್ಲಿ ಮಂದವಾಗಿ ಕೂತಿದೆ. ಜೋಳ ಅಂದರೆ ಮೆಕ್ಕೆಜೋಳ, ಬೀನ್ಸ್, ಕುಂಬಳ, ಈ ಮೂರೇ ಅವರ ಮುಖ್ಯ ಬೆಳೆ. ಹಳ್ಳದ ಸಾಲುಗಳಿಗೆ ಸಣ್ಣ ಸಣ್ಣ ಕಲ್ಲಿನ ಒಡ್ಡು ಹಾಕಿ ಮಣ್ಣನ್ನೂ ನೀರನ್ನೂ ತಡೆಯುತ್ತಿದ್ದರು. ಟರ್ಕಿ ಕೋಳಿ ಸಾಕುತ್ತಿದ್ದರು, ಅದರ ಗರಿಯಿಂದ ಕಂಬಳಿ ಮಾಡುತ್ತಿದ್ದರು. ಬಂಡೆಯಲ್ಲಿ ಕೈ, ಕಾಲ್ಬೆರಳು ಹಿಡಿಯುವಷ್ಟು ಗುಳಿ ಕೊರೆದು ದಿನಾ ಹೊಲಕ್ಕೆ ಹತ್ತಿ ಇಳಿಯುತ್ತಿದ್ದರು. ಬೆನ್ನ ಮೇಲೆ ಜೋಳದ ಹೊರೆ ಹೊತ್ತು ಇಳಿಯುವುದನ್ನು ಯೋಚನೆ ಮಾಡಿ. ನಮ್ಮ ಕೊನೆಗೌಡರಿಗೂ ಎದೆ ಝಲ್ ಅಂದೀತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಈ ಜನ ಮೊದಲಿನಿಂದಲೂ ಬಂಡೆಯೊಳಗೆ ಇದ್ದವರಲ್ಲ. ಕ್ರಿ.ಶ. 550ರ ಸುಮಾರಿಗೆ ಶುರುವಾಗಿ ಆರು ನೂರು ವರ್ಷಕ್ಕೂ ಹೆಚ್ಚು ಕಾಲ ಮೇಲೆ, ಬಯಲಲ್ಲೇ ಮನೆ ಕಟ್ಟಿಕೊಂಡಿದ್ದರು. ಪೊಟರೆಗೆ ಇಳಿದದ್ದು 1190ರ ಸುಮಾರಿಗೆ, ಬಿಟ್ಟದ್ದು 1300ರ ಒಳಗೆ. ಕಾಪು ಬೇಕಿತ್ತು, ಹೊಲ ಉಳಿಸಬೇಕಿತ್ತು, ನೀರು ಹತ್ತಿರ ಬೇಕಿತ್ತು. ಕಾರಣ ಒಂದೇ ಇರಲಾರದು. ಫೋಟೊದಲ್ಲಿ ನಾವು ನೋಡುವುದು ಅವರ ಅಲ್ಲಿನ ಬಾಳಿನ ಕೊನೆಯ ಮೂರ್ನಾಲ್ಕು ತಲೆಮಾರನ್ನು ಮಾತ್ರ.

ಪ್ರಶ್ನೆ: ಆ ಜನ ಒಂದೇ ರಾತ್ರಿಯಲ್ಲಿ ಮಾಯ ಆದರಂತೆ, ಎಲ್ಲಿ ಹೋದರು ಅಂತ ವಿಜ್ಞಾನಿಗಳಿಗೂ ಗೊತ್ತಿಲ್ಲವಂತೆ. ಯೂಟ್ಯೂಬ್‌ನಲ್ಲಿ ಬೇರೆ ಗ್ರಹದವರ ಕಥೆ ಹೇಳುತ್ತಾರೆ. ನಿಜಾನಾ?
(ಓದುಗರು, ಅಂಕೋಲಾ)

ಉತ್ತರ: ಸುಳ್ಳು. ಮಾಯ ಆಗಿಲ್ಲ, ಗುಳೆ ಹೋದರು. ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಅರಿಜೋನಾ, ನ್ಯೂ ಮೆಕ್ಸಿಕೊದಲ್ಲಿ ಇದ್ದಾರೆ. ಹೋಪಿ, ಜೂನಿ, ಆಕೊಮಾ, ಲಗೂನಾ ಜನ, ರಿಯೊ ಗ್ರಾಂಡೆ ಹೊಳೆಯ ದಂಡೆಯ ಊರುಗಳವರು, ಎಲ್ಲರನ್ನೂ ಸೇರಿಸಿ ಪ್ವೆಬ್ಲೊ ಜನ ಅನ್ನುತ್ತಾರೆ. ಅವರನ್ನು ಕೇಳಿದರೆ "ನಮ್ಮ ಹಿರಿಯರ ಮನೆ ಅದು" ಅನ್ನುತ್ತಾರೆ. ಎದುರಿಗೆ ಕೂತವರನ್ನೇ ಮಾಯವಾದರು ಅಂತ ಹೇಳಿದರೆ ಹೇಗಿರುತ್ತದೆ, ನೀವೇ ಹೇಳಿ.

ಯಾಕೆ ಹೋದರು ಅನ್ನುವುದಕ್ಕೆ ಮರದ ತೊಲೆಗಳೇ ಸಾಕ್ಷಿ. ಮಳೆ ಚೆನ್ನಾಗಿ ಬಂದ ವರ್ಷ ಮರದ ಉಂಗುರ ದಪ್ಪ, ಬರ ಬಂದ ವರ್ಷ ತೆಳು. ಎ. ಇ. ಡಗ್ಲಸ್ ಅನ್ನುವ ಖಗೋಳ ವಿಜ್ಞಾನಿ ಈ ಉಂಗುರಗಳನ್ನು ಒಂದಕ್ಕೊಂದು ಜೋಡಿಸಿ ಹಿಂದೆ ಹಿಂದೆ ಹೋದರು. ನಡುವೆ ಒಂದು ಕೊಂಡಿ ತಪ್ಪಿತ್ತು. 1929ರಲ್ಲಿ ಅರಿಜೋನಾದ ಶೋ ಲೋ ಅನ್ನುವ ಊರಲ್ಲಿ ಅರ್ಧ ಸುಟ್ಟ ಒಂದು ತೊಲೆ ಸಿಕ್ಕಿ ಕೊಂಡಿ ಕೂಡಿಕೊಂಡಿತು. ಅಲ್ಲಿಂದ ಯಾವ ಮನೆಯ ಮರ ಯಾವ ವರ್ಷ ಕಡಿದದ್ದು ಅಂತ ಹೇಳಲು ಬಂತು. 1276ರಿಂದ 1299ರವರೆಗೆ ದೊಡ್ಡ ಬರ ಬಿದ್ದದ್ದೂ ಆ ಉಂಗುರಗಳಲ್ಲೇ ಇದೆ. ಬರ ಒಂದೇ ಅಲ್ಲ, ಮಣ್ಣು ಸೋತಿತ್ತು, ಸೌದೆ ಮುಗಿದಿತ್ತು, ಊರೂರಿನ ನಡುವೆ ಜಗಳವೂ ಇತ್ತು ಅನ್ನುತ್ತಾರೆ. ಕರಾವಳಿಯವರಿಗೆ ಹೊಟ್ಟೆಪಾಡಿಗೆ ಊರು ಬಿಡುವುದು ಏನು ಹೊಸದೇ? ಅದಕ್ಕೆ ಬೇರೆ ಗ್ರಹದಿಂದ ಯಾರೂ ಬರಬೇಕಾಗಿಲ್ಲ.

ಪ್ರಶ್ನೆ: ಮೆಸಾ ವರ್ಡೆಗೆ ಹೋದರೆ ಕ್ಲಿಫ್ ಪ್ಯಾಲೇಸ್ ನೋಡಬೇಕಾ, ಬಾಲ್ಕನಿ ಹೌಸಾ? ಜೊತೆಗೆ ಎಂಟು ವರ್ಷದ ಮಗಳಿದ್ದಾಳೆ. ಟಿಕೆಟ್ ಅಲ್ಲೇ ಸಿಗುತ್ತಾ?
(ಓದುಗರು, ಕಾರವಾರ)

ಉತ್ತರ: ಟಿಕೆಟ್ ಅಲ್ಲಿ ಹೋಗಿ ತೆಗೆದರಾಯಿತು ಅಂತ ಇರಬೇಡಿ. ಈ ಎರಡೂ ಬಂಡೆಮನೆಗಳಿಗೆ ಪಾರ್ಕಿನ ರೇಂಜರ್ ಜೊತೆಗೇ ಹೋಗಬೇಕು. ಬುಕಿಂಗ್ ಆನ್‌ಲೈನ್‌ನಲ್ಲಿ, 14 ದಿನ ಮುಂಚೆ ತೆರೆಯುತ್ತದೆ, ರಜಾ ದಿನಗಳದ್ದು ಬೇಗ ಖಾಲಿಯಾಗುತ್ತದೆ. ಈ ಟೂರ್‌ಗಳು ಚಳಿಗಾಲದಲ್ಲಿ ಇರುವುದಿಲ್ಲ. ಸ್ಪ್ರೂಸ್ ಟ್ರೀ ಹೌಸ್ ಅನ್ನುವ ಮೂರನೆಯದು ಬಂಡೆ ಕಳಚಿ ಬೀಳುವ ಭಯಕ್ಕೆ 2015ರಲ್ಲೇ ಬಂದ್ ಆಯಿತು. ಹಳೆಯ ಬ್ಲಾಗ್ ಓದಿ ಅದಕ್ಕೆ ಹೊರಡಬೇಡಿ.

ಬಾಲ್ಕನಿ ಹೌಸ್‌ಗೆ 32 ಅಡಿಯ ಮರದ ಏಣಿ ಹತ್ತಬೇಕು. ಆಮೇಲೆ 18 ಇಂಚು ಅಗಲದ, 12 ಅಡಿ ಉದ್ದದ ಸಂದಿಯಲ್ಲಿ ಅಂಬೆಗಾಲಿಟ್ಟು ಹೋಗಬೇಕು. ಮಗಳು ಸಲೀಸಾಗಿ ನುಗ್ಗುತ್ತಾಳೆ, ಅಪ್ಪನ ಹೊಟ್ಟೆ ನೋಡಿಕೊಳ್ಳಿ. ಅಂಜಿಕೆಯ ಮಗು ಆದರೆ ಒತ್ತಾಯ ಬೇಡ, ನಡುವೆ ವಾಪಸ್ ತಿರುಗುವುದು ಕಷ್ಟ.

ಮೊದಲ ಸಲ ಹೋಗುವವರಿಗೆ ನನ್ನ ಓಟು ಕ್ಲಿಫ್ ಪ್ಯಾಲೇಸ್‌ಗೆ. ಸುಮಾರು 150 ಕೋಣೆ, 23 ಕಿವಾ (ಅದೇನು ಅಂತ ಕೆಳಗೆ ಹೇಳುತ್ತೇನೆ), ನೂರು ಜನರ ಊರು. ಅಲ್ಲಿರುವ ಸುಮಾರು 600 ಬಂಡೆಮನೆಗಳಲ್ಲಿ ಮುಕ್ಕಾಲು ಪಾಲು ಒಂದರಿಂದ ಐದು ಕೋಣೆಯವು, ಹಾಗಾಗಿ ಇದು ಪೇಟೆ ಇದ್ದ ಹಾಗೆ. ಇಲ್ಲೂ ಏಣಿ ಇದೆ, ಆದರೆ ಗಿಡ್ಡ. ರೇಂಜರ್ ಮಾತಾಡುವಾಗ ಎಲ್ಲರೂ ಗೋಪುರ ನೋಡುತ್ತಾರೆ. ನೀವು ಹತ್ತಿರದ ಗೋಡೆಯ ಗಾರೆ ನೋಡಿ, ಮುಟ್ಟಬೇಡಿ, ನೋಡಿ ಮಾತ್ರ. ಕಲ್ಲುಗಳ ನಡುವಿನ ಮಣ್ಣಿನಲ್ಲಿ ಉಗುರಿನಷ್ಟಗಲದ ಕಲ್ಲು ಚೂರುಗಳನ್ನು ಸಾಲಾಗಿ ಒತ್ತಿರುತ್ತಾರೆ. ಕೆಲವು ಕಡೆ ಒತ್ತಿದವರ ಬೆರಳಿನ ಗುರುತೂ ಹಾಗೇ ಇದೆ. ಮಗಳಿಗೆ ಅದನ್ನು ತೋರಿಸಿ, ಅವಳ ಬೆರಳಿಗೂ ಅದಕ್ಕೂ ಅಳತೆ ಹೋಲಿಸಿ ನೋಡಲಿ, ದೂರದಿಂದಲೇ.

ಕಿವಾ ಅಂದರೆ ನೆಲದೊಳಗಿನ ಗುಂಡು ಕೋಣೆ. ಮಾಡಿನ ಮೇಲಿನ ಕಿಂಡಿಯಿಂದ ಏಣಿ ಇಳಿದು ಹೋಗುವುದು. ನಡುವೆ ಒಲೆ, ಪಕ್ಕದ ಗೋಡೆಯಲ್ಲಿ ಹೊರಗಿನ ಗಾಳಿ ಬರುವ ಕೊಳವೆ, ಆ ಗಾಳಿ ನೇರ ಬೆಂಕಿಗೆ ಹೊಡೆಯದ ಹಾಗೆ ಎರಡರ ಮಧ್ಯೆ ನಿಲ್ಲಿಸಿದ ಒಂದು ಚಪ್ಪಡಿ. ಹೊಗೆ ಮೇಲಿನ ಕಿಂಡಿಯಿಂದ ಹೋಗುತ್ತದೆ. ಆಸ್ತ್ರ ಒಲೆ ಕಟ್ಟುವವರನ್ನು ಕರೆದುಕೊಂಡು ಹೋದರೆ ಅಲ್ಲೇ ಕೂತುಬಿಡುತ್ತಾರೆ. ನೆಲದಲ್ಲಿ ಒಂದು ಸಣ್ಣ ಗುಳಿ ಇರುತ್ತದೆ, ಸಿಪಾಪು. ಮನುಷ್ಯರು ಕೆಳಗಿನ ಲೋಕದಿಂದ ಮೇಲೆ ಬಂದ ದಾರಿಯ ಗುರುತು ಅದು. ಈಗಿನ ಪ್ವೆಬ್ಲೊ ಊರುಗಳಲ್ಲೂ ಕಿವಾ ಇದೆ, ಪೂಜೆ ನಡೆಯುತ್ತದೆ, ಹೊರಗಿನವರಿಗೆ ಪ್ರವೇಶವಿಲ್ಲ.

ಪ್ರಶ್ನೆ: ಹೊನ್ನಾವರದ ಸೆಕೆ ತಡೆದವರಿಗೆ ಅಲ್ಲಿಯ ಬಿಸಿಲು ಯಾವ ಲೆಕ್ಕ ಅಲ್ವಾ? ಊಟಕ್ಕೆ ಏನು ಮಾಡಬೇಕು, ನಾವು ಸಸ್ಯಾಹಾರಿಗಳು.
(ಓದುಗರು, ಹೊನ್ನಾವರ)

ಉತ್ತರ: ಅಲ್ಲೇ ಮೋಸ ಹೋಗುವುದು. ನಮ್ಮಲ್ಲಿ ಬೆವರು ಅಂಗಿಗೆ ಅಂಟುತ್ತದೆ, ಅಲ್ಲಿ ಬೆವರು ಕಾಣುವುದೇ ಇಲ್ಲ. ಗಾಳಿ ಅಷ್ಟು ಒಣ, ಬಂದ ಬೆವರು ಬಂದ ಹಾಗೇ ಆರಿಹೋಗುತ್ತದೆ. ಬಾಯಾರಿಕೆ ಗೊತ್ತಾಗುವ ಹೊತ್ತಿಗೆ ತಲೆನೋವು ಶುರುವಾಗಿರುತ್ತದೆ. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕಾರಿನಲ್ಲಿರಲಿ. ಎತ್ತರ ಬೇರೆ. ಮೆಸಾ ವರ್ಡೆಯ ತುದಿ 8,500 ಅಡಿಗೂ ಮೇಲೆ, ನಮ್ಮ ಮುಳ್ಳಯ್ಯನಗಿರಿಯೇ 6,300 ಚಿಲ್ಲರೆ. ಸಮುದ್ರದ ದಂಡೆಯಿಂದ ಹೋದವರು ಮೊದಲ ದಿನ ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಡುತ್ತಾರೆ. ಅದು ವಯಸ್ಸಲ್ಲ, ಗಾಬರಿ ಬೇಡ. ರಾತ್ರಿ ಮೇ ತಿಂಗಳಲ್ಲೂ ಚಳಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗು ಮಳೆ ಬರಬಹುದು. ಮಳೆ ಅಂದರೆ ವರ್ಷಕ್ಕೆ 450 ಮಿಲಿಮೀಟರ್ ಸುಮಾರು, ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಆದರೂ ಹಸಿರಿಲ್ಲದ ಕಲ್ಲು ನೆಲ ನೋಡಿ, ಎಲ್ಲೋ ದೂರ ಬಿದ್ದ ಮಳೆಗೆ ಒಣ ಹಳ್ಳ ಏಕಾಏಕಿ ತುಂಬಿ ಬರುತ್ತದೆ. ಹಳ್ಳದಲ್ಲಿ ಕಾರು ನಿಲ್ಲಿಸಬೇಡಿ.

ಪಾರ್ಕಿನ ಗೇಟು ದಾಟಿದ ಮೇಲೂ ಕ್ಲಿಫ್ ಪ್ಯಾಲೇಸ್‌ಗೆ ಮುಕ್ಕಾಲು ಗಂಟೆಯ ಮೇಲೆ ಬೇಕು, ಎಲ್ಲ ತಿರುವು. ದೇವಿಮನೆ ಘಟ್ಟದಲ್ಲಿ ಲಿಂಬೆಹಣ್ಣು ಮೂಸುವವರು ಇಲ್ಲೂ ಮೂಸಿ.

ಊಟದ ಮಾತು. ಹುಳಿ ಅವಲಕ್ಕಿ, ಚಕ್ಕುಲಿ, ಚಟ್ನಿಪುಡಿ ಇದ್ದರೆ ಎರಡು ದಿನ ಚಿಂತೆ ಇಲ್ಲ. ಹಸಿ ಹಣ್ಣು, ಬೀಜ, ಗಿಡ ಮಾತ್ರ ವಿಮಾನದಲ್ಲಿ ಒಯ್ಯಬೇಡಿ, ಹೇಳದೆ ಒಯ್ದರೆ ದಂಡ. ನವಾಹೊ ಅನ್ನುವ ಬುಡಕಟ್ಟಿನವರ ಸೀಮೆಯಲ್ಲಿ ಫ್ರೈ ಬ್ರೆಡ್ ಅಂತ ಸಿಗುತ್ತದೆ, ನೋಡಲು ದೊಡ್ಡ ಪೂರಿ. ಹಂದಿ ಕೊಬ್ಬಿನಲ್ಲಿ ಕರಿಯುವ ಪದ್ಧತಿಯೂ ಇದೆ, ಕೇಳಿಯೇ ತಿನ್ನಿ.

ಪ್ರಶ್ನೆ: ನಮ್ಮ ಸಂಬಂಧಿಕರೊಬ್ಬರು ಅಲ್ಲಿಂದ ಚಿತ್ರ ಇರುವ ಮಡಕೆ ಚೂರು ತಂದು ಶೋಕೇಸಿನಲ್ಲಿಟ್ಟಿದ್ದಾರೆ. ನೆಲದ ಮೇಲೆ ಬಿದ್ದದ್ದಂತೆ, ಯಾರೂ ಕೇಳಲಿಲ್ಲವಂತೆ. ತರಬಹುದಾ?
(ಹೆಸರು ಬೇಡ ಎಂದವರು, ಯಲ್ಲಾಪುರ)

ಉತ್ತರ: ತರಬಾರದು. ಸರ್ಕಾರಿ ನೆಲದಲ್ಲಿ, ಬುಡಕಟ್ಟಿನವರ ನೆಲದಲ್ಲಿ ಅದು ಅಪರಾಧ. ದಂಡ ಉಂಟು, ಜೈಲೂ ಉಂಟು. ಯಾರೂ ಕೇಳಲಿಲ್ಲ ಅಂದರೆ ಯಾರೂ ನೋಡಲಿಲ್ಲ ಅಂತ ಅಷ್ಟೇ.

ಆ ಕಾನೂನಿಗೆ ಹಿಂದೆ ಒಂದು ಕಥೆ ಇದೆ. 1888ರ ಡಿಸೆಂಬರಿನಲ್ಲಿ ರಿಚರ್ಡ್ ವೆದರಿಲ್ ಮತ್ತು ಚಾರ್ಲಿ ಮೇಸನ್ ಅನ್ನುವ ದನಗಾಹಿಗಳಿಗೆ ಕ್ಲಿಫ್ ಪ್ಯಾಲೇಸ್ ಕಂಡಿತು. "ಕಂಡುಹಿಡಿದರು" ಅಂತ ಬರೆಯುತ್ತಾರೆ, ಅಲ್ಲಿಯ ಯೂಟ್ ಜನಕ್ಕೆ ಅದು ಮೊದಲೇ ಗೊತ್ತಿತ್ತು. ಆಮೇಲೆ ಅಗೆದು ಮಾರುವುದು ಶುರುವಾಯಿತು. 1891ರಲ್ಲಿ ಗುಸ್ತಾಫ್ ನೂರ್ದೆನ್‌ಶೋಲ್ಡ್ ಅನ್ನುವ ಸ್ವೀಡನ್ನಿನ ಯುವಕ ಬಂದು, ಚೆನ್ನಾಗಿಯೇ ಅಗೆದು, ಬರೆದಿಟ್ಟು, ಸಾಮಾನು ರೈಲಿಗೆ ಹಾಕಿದ. ಡುರಾಂಗೊದಲ್ಲಿ ಹಿಡಿದರು. ಆದರೆ ತಡೆಯಲು ಕಾನೂನೇ ಇರಲಿಲ್ಲ, ಬಿಟ್ಟರು. ಸಾಮಾನು ಕೊನೆಗೆ ಫಿನ್ಲೆಂಡಿನ ಮ್ಯೂಸಿಯಂ ಸೇರಿತು. 1906ರಲ್ಲಿ ಪುರಾತನ ವಸ್ತುಗಳ ಕಾನೂನು ಬಂತು, ಅದೇ ವರ್ಷ ಮೆಸಾ ವರ್ಡೆ ನ್ಯಾಷನಲ್ ಪಾರ್ಕ್ ಆಯಿತು. ಅವನು ಒಯ್ದದ್ದರಲ್ಲಿ ಸತ್ತವರ ಮೂಳೆಗಳೂ ಇದ್ದವು. 2020ರಲ್ಲಿ ಫಿನ್ಲೆಂಡ್ ಅವನ್ನು, ಜೊತೆಗೆ ಗೋರಿಯಲ್ಲಿಟ್ಟಿದ್ದ ವಸ್ತುಗಳನ್ನು ವಾಪಸ್ ಕೊಟ್ಟಿತು. ಅವರ ವಂಶದವರು ಮತ್ತೆ ಮಣ್ಣು ಮಾಡಿದರು. ಇಷ್ಟು ವರ್ಷ ಕಾದು ಪಡೆದವರಿಗೆ ನಿಮ್ಮ ಸಂಬಂಧಿಕರ ಶೋಕೇಸು ಹೇಗೆ ಕಂಡೀತು?

ಚೂರು ಬಿದ್ದ ಜಾಗವೇ ಅದರ ಬೆಲೆ. ಯಾವ ಕೋಣೆ, ಯಾವ ಪದರ ಅಂತ ತಪ್ಪಿದರೆ ಅದು ಬರೀ ಹಂಚಿನ ಚೂರು. ಪಾರ್ಕಿನ ವಿಳಾಸಕ್ಕೆ ಪೋಸ್ಟ್ ಮಾಡಿ ಕಳಿಸಲು ಹೇಳಿ, ಎಲ್ಲಿ ಸಿಕ್ಕಿತು ಅಂತ ಚೀಟಿ ಬರೆದು.

ಪ್ರಶ್ನೆ: ಅರಿಜೋನಾದ ಕ್ಯಾನ್ಯನ್ ಡಿ ಶೇ ಕಣಿವೆಯಲ್ಲಿ ಗೈಡ್ ಇಲ್ಲದೆ ಇಳಿಯಲು ಬಿಡುವುದಿಲ್ಲ ಅನ್ನುತ್ತಾರೆ. ಸುಮ್ನೆ ದುಡ್ಡು ಮಾಡುವ ದಾರಿ ಅಲ್ವಾ?
(ಓದುಗರು, ಸಿದ್ದಾಪುರ)

ಉತ್ತರ: ಅಲ್ಲ. ಆ ಕಣಿವೆಯೊಳಗೆ ನವಾಹೊ ಕುಟುಂಬಗಳು ಈಗಲೂ ಇವೆ, ಹೊಲ ಇದೆ, ಕುರಿ ಇವೆ, ಹಣ್ಣಿನ ಮರ ಇವೆ. ನಿಮ್ಮ ತೋಟದೊಳಗೆ ಯಾರೋ ಕ್ಯಾಮೆರಾ ಹಿಡಿದು ನುಗ್ಗಿದರೆ "ಯಾರ್ರೀ ಅದು" ಅಂತ ಕೇಳುತ್ತೀರಿ ತಾನೇ? ಅಂಚಿನ ರಸ್ತೆಗಳಲ್ಲಿ ನಿಂತು ನೋಡಲು ಗೈಡ್ ಬೇಡ, ಪ್ರವೇಶ ಶುಲ್ಕವೂ ಇಲ್ಲ. ವೈಟ್ ಹೌಸ್ ಅನ್ನುವ ಹಳೆಯ ಬಂಡೆಮನೆ ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಕೆಳಗೆ ಇಳಿಯುವುದಾದರೆ ಕೊಡುವ ಹಣ ಅಲ್ಲಿಯವರಿಗೇ ಹೋಗುತ್ತದೆ. ಜನರ ಫೋಟೊ ಕೇಳದೆ ತೆಗೆಯಬೇಡಿ. ನವಾಹೊ ಸೀಮೆಯಲ್ಲಿ ಮದ್ಯ ನಿಷೇಧ, ಡಿಕ್ಕಿಯಲ್ಲೂ ಬೇಡ. ಗಡಿಯಾರವನ್ನೂ ನೋಡಿಕೊಳ್ಳಿ: ಬೇಸಿಗೆಯಲ್ಲಿ ಅರಿಜೋನಾದ ಸಮಯಕ್ಕೂ ನವಾಹೊ ಸೀಮೆಯ ಸಮಯಕ್ಕೂ ಒಂದು ಗಂಟೆ ವ್ಯತ್ಯಾಸ.

ಪ್ರಶ್ನೆ: ಅಮೆರಿಕಕ್ಕೆ ಹೋಗುವ ಯೋಗ ನಮಗಿಲ್ಲ. ಇಲ್ಲೇ ಅಂಥದ್ದು ಏನಾದರೂ ಇದೆಯಾ? ಯಾಣ ಆಗುತ್ತಾ?
(ಓದುಗರು, ಗೋಕರ್ಣ)

ಉತ್ತರ: ಯಾಣ ಚಂದ, ಆದರೆ ಅದು ದೇವರ ಜಾಗ, ಯಾರೂ ಊರು ಕಟ್ಟಿಕೊಂಡದ್ದಲ್ಲ. ಬಾದಾಮಿಗೆ ಹೋಗಿ. ಅದೇ ಮರಳುಗಲ್ಲು, ಅದೇ ಕೆಂಪು. ನಾಲ್ಕು ಗುಹೆ ನೋಡಿ ಎಲ್ಲರೂ ಬಸ್ ಹತ್ತುತ್ತಾರೆ, ನೀವು ಬೆಳಿಗ್ಗೆ ಬೇಗ ಎದ್ದು ಸಿಡಿಲಫಡಿಗೆ ನಡೆಯಿರಿ. ಕುರುಚಲು ಕಾಡಿನ ನಡುವೆ ಬಂಡೆಯ ದೊಡ್ಡ ಪೊಟರೆ, ಅದರಲ್ಲಿ ಇತಿಹಾಸಕ್ಕಿಂತ ಹಿಂದಿನವರು ಬರೆದ ಚಿತ್ರಗಳಿವೆ. ದಾರಿ ಗೊತ್ತಿರುವವರು ಜೊತೆಗಿರಲಿ, ನೀರು ಒಯ್ಯಿರಿ.

ಒಣ ಸೀಮೆ, ಕಡಿದಾದ ಬಂಡೆ, ಅದರೊಳಗೆ ಬದುಕುತ್ತಿರುವ ಜನ, ಮೂರೂ ಒಟ್ಟಿಗೆ ಬೇಕು ಅಂದರೆ ಲಡಾಖ್ ಕಡೆಯ ಝಂಸ್ಕಾರ್‌ನ ಫುಗ್ತಾಲ್ ಮಠ. ಬಂಡೆಯ ದೊಡ್ಡ ಗವಿಯ ಬಾಯಿಗೆ ಮಣ್ಣು, ಕಲ್ಲು, ಮರದ ಕೋಣೆಗಳನ್ನು ಮೇಲೆ ಮೇಲೆ ಅಂಟಿಸಿದ್ದಾರೆ. ಗವಿಯೊಳಗೆ ನೀರಿನ ಒರತೆಯೂ ಇದೆ. ಕುಮಟಾದ ಹುಡುಗನ ಪ್ರಶ್ನೆಗೆ ಅಲ್ಲೂ ಉತ್ತರ ಅದೇ. ಇದು ಖಾಲಿ ಊರಲ್ಲ, ಭಿಕ್ಷುಗಳು ಇದ್ದಾರೆ, ಹುಡುಗರು ಪಾಠ ಕಲಿಯುತ್ತಾರೆ. ಕೊನೆಗೆ ಸ್ವಲ್ಪ ನಡಿಗೆ ಉಂಟು. ಬೇಸಿಗೆಯಲ್ಲಿ ಮಾತ್ರ ಹೋಗಿ, ಲೇಹ್‌ಗೆ ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ಮಲಗಿಯೇ ಇರಿ.

ಪ್ರಶ್ನೆ: ಡ್ರೋನ್ ಒಯ್ಯಬಹುದಾ?
(ಓದುಗರು, ಭಟ್ಕಳ)

ಉತ್ತರ: ಮೆಸಾ ವರ್ಡೆ ಆಗಲಿ ಅಲ್ಲಿಯ ಬೇರೆ ನ್ಯಾಷನಲ್ ಪಾರ್ಕ್ ಆಗಲಿ, ಹಾರಿಸುವಂತಿಲ್ಲ. ಮನೆಯಲ್ಲೇ ಬಿಟ್ಟು ಹೋಗಿ, ಆ ಜಾಗಕ್ಕೆ ಇನ್ನೊಂದು ನೀರಿನ ಬಾಟಲಿ ಹಿಡಿಯುತ್ತದೆ.